ವಿಸಿಗೋಥರ ಹದ್ದಿನ ಪಿನ್ನು: ಇದು ಮೀನಾಕಾರಿಯೋ, ಹರಳು ಕೂರಿಸಿದ್ದೋ?

ನೀಲಿಗಾಜು
ರೋಮನರ ನಂತರ ಸ್ಪೇನ್ ಆಳಿದ ಜರ್ಮಾನಿಕ್ ಜನಾಂಗ ವಿಸಿಗೋಥರ ಒಡವೆಗಳ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ. ಬಾದಾಹೋಸ್ ಪ್ರಾಂತ್ಯದಲ್ಲಿ ಸಿಕ್ಕಿ ಈಗ ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂನಲ್ಲಿರುವ ಹದ್ದಿನ ಆಕಾರದ ಜೋಡಿ ಪಿನ್ನು ಇದೆಯಲ್ಲ, 6ನೇ ಶತಮಾನದ್ದು, ಹೆಚ್ಚೂಕಮ್ಮಿ 14 ಸೆಂಟಿಮೀಟರ್ ಉದ್ದ. ಮೈತುಂಬ ಸಣ್ಣ ಸಣ್ಣ ಮನೆ (ಲೋಹದ ಗೋಡೆಯ ಗೂಡು), ಒಳಗೆ ಕೆಂಪು, ಹಸಿರು, ನೀಲಿ ತುಂಡು. ಒಂದು ಕಡೆ ಮೀನಾಕಾರಿ ಅಂತ ಬರೆದಿದ್ದಾರೆ, ಇನ್ನೊಂದು ಕಡೆ ಹರಳು ಅಂತ. ಆ ಕಾಲದ ಬೇರೆ ಗೋಥ್, ಫ್ರಾಂಕ್ ಒಡವೆಗಳ ದೊಡ್ಡ ಫೋಟೊ ನೋಡಿದರೆ ಕೆಂಪು ತುಂಡಿನ ಅಡಿಯಲ್ಲಿ ಜಾಳಿಗೆ ಥರ ಗೆರೆ ಕಾಣುತ್ತದೆ. ಅದು ಹರಳಿನ ಬಿರುಕಾ, ಕೆತ್ತನೆಯಾ? ಇಂಥ ಕೆಲಸಕ್ಕೆ ಊರಲ್ಲಿ ಕಾರ್ಖಾನೆ ಇತ್ತಾ ಅಥವಾ ಅಕ್ಕಸಾಲಿಗರೇ ಊರೂರು ತಿರುಗುತ್ತಿದ್ದರಾ?

ಕುಲುಮೆ_ಕಿಡಿ
ಮೀನಾಕಾರಿ ಅಲ್ಲವೇ ಅಲ್ಲ. ಮೀನಾ ಅಂದರೆ ಗಾಜಿನ ಪುಡಿಯನ್ನ ಮನೆಯೊಳಗ ತುಂಬಿ ಬೆಂಕಿಗೆ ಇಟ್ಟು ಕರಗಿಸೋದು. ಇಲ್ಲಿ ಹರಳು ಮತ್ತ ಗಾಜನ್ನ ತಣ್ಣಗಿದ್ದಾಗಲೇ ಕೊಯ್ದು, ಉಜ್ಜಿ, ಮನೆಯೊಳಗ ಕೂರಿಸ್ಯಾರ. ಬೆಂಕಿ ಕೆಲಸ ಎಲ್ಲಾ ಮುಗಿದ ಮ್ಯಾಲೇ ಹರಳು ಕೂಡೋದು. ಇಲ್ಲಂದ್ರ ಬಿಸಿಗೆ ಗಾರ್ನೆಟ್, ಅಂದ್ರ ಆ ಕೆಂಪು ಹರಳು, ಚಟ್ಟಂತ ಸೀಳತೈತಿ.

ಒರೆಗಲ್ಲು
ಕಿಡಿಯವರು ಹೇಳಿದ್ದು ಸರಿ. ಗೆರೆಯ ವಿಷಯಕ್ಕೆ ಬರೋಣ. ಅದು ಹರಳಿನಲ್ಲಿಲ್ಲ, ಹರಳಿನ ಅಡಿಯ ತಗಡಿನಲ್ಲಿದೆ. ಅಲ್ಮಂಡೀನ್ ಜಾತಿಯ ಗಾರ್ನೆಟ್ ಬಹಳ ಗಾಢ ಬಣ್ಣದ್ದು. ಎರಡು ಮೂರು ಮಿಲಿಮೀಟರ್ ದಪ್ಪ ಉಳಿಸಿದರೆ, ಹಿಂದೆ ಬೆಳಕು ಇಲ್ಲದಿದ್ದಾಗ ಕಪ್ಪಾಗಿಯೇ ಕಾಣುತ್ತದೆ. ಅದಕ್ಕೆ ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾಗಿ ಸೀಳಿ, ಅಡಿಗೆ ಚಿನ್ನದ ಅಥವಾ ಚಿನ್ನದ ನೀರು ಕೊಟ್ಟ ಬೆಳ್ಳಿಯ ತೆಳು ತಗಡು ಇಡುತ್ತಿದ್ದರು. ತಗಡು ಸಪಾಟಾಗಿದ್ದರೆ ಕನ್ನಡಿಯಂತೆ ಒಂದೇ ದಿಕ್ಕಿಗೆ ಬೆಳಕು ಹೊಡೆಯುತ್ತದೆ, ಸ್ವಲ್ಪ ಓರೆಯಿಂದ ನೋಡಿದರೆ ಮತ್ತೆ ಕಪ್ಪು. ಚೌಕುಳಿ ಅಚ್ಚು ಒತ್ತಿದರೆ ಪ್ರತಿ ಗುಳಿಯ ನಾಲ್ಕು ಗೋಡೆಯೂ ಬೇರೆ ಬೇರೆ ದಿಕ್ಕಿಗೆ ಬೆಳಕು ತಿರುಗಿಸುತ್ತವೆ. ಹಾಕಿಕೊಂಡವರು ಅಲುಗಾಡಿದಾಗಲೆಲ್ಲ ಕೆಂಪು ಮಿಣುಗುತ್ತದೆ. ಒಳ್ಳೆಯ ಕೆಲಸದಲ್ಲಿ ಮಿಲಿಮೀಟರಿಗೆ ಎರಡು ಮೂರು ಗೆರೆ ಇರುತ್ತವೆ. ಅಷ್ಟು ಸಣ್ಣ ಗೆರೆಯನ್ನು ತಗಡಿನ ಮೇಲೆ ಕೈಯಲ್ಲಿ ಕೊರೆಯಲು ಹೋದರೆ ಹರಿದುಹೋಗುತ್ತದೆ. ಲೋಹದ ಅಚ್ಚಿನ ಮೇಲೆ ತಗಡು ಹಾಸಿ ಒತ್ತಿ ತೆಗೆದಿದ್ದು.

ಮೈಸೂರ್_ಮಲ್ಲಿ
ಹಾಗಾದರೆ ಇದು ನಮ್ಮ ಕುಂದಣ ಕೆಲಸದ ತರಹವೇ ಅಲ್ಲವಾ? ಅಲ್ಲೂ ಹರಳಿನ ಅಡಿಗೆ ತಗಡು ಇಡುತ್ತಾರೆ.

ಒರೆಗಲ್ಲು
ತಗಡಿನ ಉಪಾಯ ಒಂದೇ, ಕಟ್ಟುವ ಕ್ರಮ ಪೂರ್ತಿ ಬೇರೆ ಮೇಡಂ. ಕುಂದಣದಲ್ಲಿ ಗೂಡಿಗೆ ಅರಗು ತುಂಬಿ, ತಗಡು ಇಟ್ಟು, ಹರಳು ಕೂರಿಸಿ, ಆಮೇಲೆ ಹರಳಿನ ಸುತ್ತ ಅಪರಂಜಿಯ ಪಟ್ಟಿ ಒತ್ತುತ್ತಾರೆ. ಶುದ್ಧ ಚಿನ್ನ ಆದ್ದರಿಂದ ಬೆಂಕಿ ಇಲ್ಲದೆಯೇ ಒತ್ತಡಕ್ಕೆ ಕೂಡಿಕೊಳ್ಳುತ್ತದೆ. ಅಂದರೆ ಹರಳು ಯಾವ ಆಕಾರದಲ್ಲಿದ್ದರೂ ಚಿನ್ನ ಅದಕ್ಕೆ ಹೊಂದಿಕೊಳ್ಳುತ್ತದೆ. ಗೋಥರ ಕೆಲಸದಲ್ಲಿ ಗೋಡೆ ಮೊದಲು ನಿಲ್ಲುತ್ತದೆ, ಹರಳನ್ನೇ ಆ ಗೋಡೆಗೆ ತಕ್ಕಂತೆ ಉಜ್ಜಬೇಕು. ಹದ್ದಿನ ರೆಕ್ಕೆಯ ಹತ್ತಿರದ ಬಾಗಿದ ಮನೆ ನೋಡಿ, ಒಂದು ಬದಿ ಉಬ್ಬು, ಒಂದು ಬದಿ ತಗ್ಗು. ಗಾರ್ನೆಟ್ಟಿಗೆ ತಗ್ಗು ಅಂಚು ಕೊಡುವುದು ಸುಲಭವಲ್ಲ.

ಕುಲುಮೆ_ಕಿಡಿ
ಕೆಲಸದ ಕ್ರಮ ಹೇಳತೀನಿ ನೋಡ್ರಿ.

ಮೊದಲು ಅಡಿ ತಗಡು. ಅದರ ಸುತ್ತ ಎರಡು ಮೂರು ಮಿಲಿಮೀಟರ್ ಎತ್ತರದ ಅಂಚು ಪಟ್ಟಿ ಬೆಸುಗೆ. ಒಳಗಿನ ಗೋಡೆಗೆ ಇನ್ನೂ ತೆಳು ಪಟ್ಟಿ, ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಚಿಮಟಾದಾಗ ಬಗ್ಗಿಸಿ ನಿಲ್ಲಿಸಿ, ತುದಿ ಕೂಡೋ ಕಡೆ ಬೆಸುಗೆ. ಶುದ್ಧ ಚಿನ್ನ ಕರಗೋದು 1064 ಡಿಗ್ರಿಗೆ. ಬೆಸುಗೆಗೆ ಬೆಳ್ಳಿ, ತಾಮ್ರ ಬೆರೆಸಿದ ಚಿನ್ನ ತಗೊಂಡ್ರ ಅದು ಮೊದಲು ಹರೀತೈತಿ. ಎಡವಟ್ಟು ಆಗೋದು ಎರಡನೇ ಸಲ ಕಾಯಿಸಿದಾಗ. ಹಳೆ ಬೆಸುಗೆ ಮತ್ತ ಬಿಚ್ಚಿ ಗೋಡೆ ವಾಲತಾವು. ಅದಕ್ಕ ಮೊದಲ ಬೆಸುಗೆ ಗಟ್ಟಿದು, ಮುಂದಿನದು ಮೆತ್ತಂದು. ಇಲ್ಲಾ ಎಲ್ಲಾ ಗೋಡೆ ನಿಲ್ಲಿಸಿ ಒಂದೇ ಸಲ ಬೆಂಕಿ ತೋರಿಸಬೇಕು.

ಅದಾದ ಮ್ಯಾಲೆ ಮನೆಯೊಳಗ ಸುಣ್ಣದ ಪುಡಿ, ಮರಳು, ಮೇಣ ಇಂಥದರ ಗಾರೆ. ಅದರ ಮ್ಯಾಲೆ ಗೆರೆ ತಗಡು, ಅದರ ಮ್ಯಾಲೆ ಹರಳು. ಕಡೀಕ ಗೋಡೆಯ ತುದಿ ಸ್ವಲ್ಪ ಬಡಿದು ಹರಳಿನ ಅಂಚಿನ ಮ್ಯಾಲೆ ಮಗುಚೋದು. ಇಷ್ಟ. ಗಾರೆ ಒಣಗಿ ಕುಗ್ಗಿದ್ರ ಹರಳು ಒಳಕ್ಕ ಇಳೀತೈತಿ, ಗೋಡೆಯ ಹಿಡಿತ ತಪ್ಪಿ ಉದುರತೈತಿ. ಮ್ಯೂಸಿಯಂ ಫೋಟೊದಾಗ ಖಾಲಿ ಮನೆ ಕಂಡ್ರ ಎಲ್ಲಾ ಕಳ್ಳತನ ಅಂತ ತಿಳೀಬ್ಯಾಡ್ರಿ.

ಕಡಲ_ತಡಿ
ಚೆಂದ ವಿವರಣೆ ಮಾರಾಯ್ರೆ. ಆದ್ರೆ ಆ ಹದ್ದು ಪೂರ್ತಿ ಚಿನ್ನ ಅಲ್ಲ, ಗೊತ್ತುಂಟಲ್ಲ? ಕಂಚಿನ ಮೇಲೆ ಚಿನ್ನದ ತಗಡು. ಗ್ವಾದಲಹಾರ ಪ್ರಾಂತ್ಯದ ಅಲೊವೆರಾದಲ್ಲಿ ಸಿಕ್ಕಿದ ಇನ್ನೊಂದು ಜೋಡಿ, ಮ್ಯಾಡ್ರಿಡ್‌ನಲ್ಲಿ ಇರುವಂಥದ್ದು, ಅದರಲ್ಲಿ ತಗಡೂ ಇಲ್ಲ, ಕಂಚಿಗೆ ಚಿನ್ನದ ನೀರು ಕೊಟ್ಟದ್ದು ಅಷ್ಟೆ. ಸಾದಾ ಸಮಾಧಿಗಳಲ್ಲಿ ಸಿಕ್ಕಿದ ಚೌಕದ ಬೆಲ್ಟ್ ಬಿಲ್ಲೆಗಳಲ್ಲಿ ಗೋಡೆಯೇ ಕಂಚಿನದ್ದು, ದಪ್ಪ ದಪ್ಪ. ಗಾರ್ನೆಟ್ ಬದಲಿಗೆ ಬಣ್ಣದ ಗಾಜು. ಕಮ್ಮಿ ಚಿನ್ನದಲ್ಲಿ ಜಾಸ್ತಿ ಹೊಳಪು ತೋರಿಸುವುದೇ ಇವರ ಕಸುಬು.

ಶಾಸನಪ್ರಿಯ
ಸಮಾಧಿ ಅಂದದ್ದಕ್ಕೆ ಒಂದು ಸೇರಿಸುತ್ತೇನೆ. ಸೆಗೋವಿಯಾ ಪ್ರಾಂತ್ಯದ ದುರಾತೊನ್, ಕಾಸ್ತಿಲ್‌ತಿಯೆರ್ರಾ, ತೊಲೆದೊ ಪ್ರಾಂತ್ಯದ ಎಲ್ ಕಾರ್ಪಿಯೊ ದೆ ತಾಹೊ, ಇವೆಲ್ಲ ದೊಡ್ಡ ಸ್ಮಶಾನಗಳು. ಹೆಣ್ಣಿನ ಎರಡು ಭುಜದ ಮೇಲೆ ಒಂದೊಂದು ಪಿನ್ನು, ಸೊಂಟದ ಮೇಲೆ ದೊಡ್ಡ ಬಿಲ್ಲೆ. ಪಿನ್ನು ಬರೀ ಅಲಂಕಾರಕ್ಕಲ್ಲ, ಮೇಲುಡುಗೆಯನ್ನು ಹಿಡಿದಿಡುತ್ತಿದ್ದದ್ದು ಅದೇ. ಹಾಗಾಗಿಯೇ ಜೋಡಿಯಾಗಿ ಸಿಗುತ್ತವೆ. ಹದ್ದಾದರೆ ಒಂದು ಎಡಕ್ಕೆ ನೋಡುತ್ತದೆ, ಇನ್ನೊಂದು ಬಲಕ್ಕೆ. 6ನೇ ಶತಮಾನದ ಕೊನೆಗೆ ಈ ಉಡುಗೆಯೇ ಹಿಂದೆ ಸರಿಯಿತು. 589ರ ತೊಲೆದೊ ಮಹಾಸಭೆಯಲ್ಲಿ ದೊರೆ ರೆಕ್ಕಾರೆಡ್ ಕ್ಯಾಥೊಲಿಕ್ ಆದದ್ದನ್ನು ಸಾರಿದ. 7ನೇ ಶತಮಾನಕ್ಕೆ ಬಂದರೆ ಕೆಂಪು ಹರಳಿನ ಬಿಲ್ಲೆ ಮಾಯ, ಲೈರ್ ಎಂಬ ತಂತಿವಾದ್ಯದ ಆಕಾರದ ಎರಕದ ಕಂಚಿನ ಬಿಲ್ಲೆ ಬಂತು. ಮಾದರಿ ಪೂರ್ತಿ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ್ದು.

ಗಡಿಬಿಡಿ
ಅಂದರೆ ಧರ್ಮ ಬದಲಾಯಿತು, ಫ್ಯಾಷನ್ ಬದಲಾಯಿತು. ಮುಗೀತು.

ಹಳೇನಾಣ್ಯ
ಅಷ್ಟು ಸಲೀಸಾಗಿ ಮುಗಿಸಬೇಡಿ ಸಾರ್. ಸರಕಿನ ಕಥೆಯೂ ಇದೆ. ಫ್ರಾಂಕರ ಒಡವೆಗಳ ರಾಸಾಯನಿಕ ಪರೀಕ್ಷೆಯಲ್ಲಿ 5–6ನೇ ಶತಮಾನದ ಗಾರ್ನೆಟ್ ಬಹುಪಾಲು ಭಾರತ, ಶ್ರೀಲಂಕಾ ಕಡೆಯದು ಎಂದು ಬಂದಿದೆ. 7ನೇ ಶತಮಾನದ ಹೊತ್ತಿಗೆ ಬೊಹೆಮಿಯಾದ (ಇವತ್ತಿನ ಚೆಕ್ ದೇಶ) ಪೈರೋಪ್ ಜಾತಿಯ ಸಣ್ಣ ಗಾರ್ನೆಟ್ ಹರಳು ಹೆಚ್ಚಾಗುತ್ತದೆ. ದೊಡ್ಡ ಅಲ್ಮಂಡೀನ್ ಬರುವುದು ಕಮ್ಮಿಯಾದರೆ ದೊಡ್ಡ ಮನೆ ತುಂಬುವ ಕೆಲಸ ತಾನಾಗಿಯೇ ನಿಲ್ಲುತ್ತದೆ. ಹಡಗಿನ ದಾರಿ ಯಾಕೆ ಕೆಟ್ಟಿತು ಎಂಬ ವಾದ ಇನ್ನೂ ಮುಗಿದಿಲ್ಲ.

ವಿಷಯಾಂತರ: ಅದೇ ಕಾಲದ ಬೈಜಾಂಟೈನ್ ಚಿನ್ನದ ಸಾಲಿಡಸ್ ನಾಣ್ಯಗಳ ನಿಧಿ ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಹಲವು ನಾಣ್ಯಗಳಿಗೆ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತು. ಕೊರಳಿಗೆ ಹಾಕಿಕೊಂಡಿದ್ದಾರೆ.

ಮೈಸೂರ್_ಮಲ್ಲಿ
ಅವರು ನಮ್ಮ ಹರಳು ಹಾಕಿಕೊಂಡರು, ನಾವು ಅವರ ನಾಣ್ಯ. ಲೆಕ್ಕ ಚುಕ್ತಾ 😄

ಚಾಣ_ಸುತ್ತಿಗೆ
ಲೈರ್ ಬಿಲ್ಲೆ ಬಂತು ಎಂದರೆ ಅಕ್ಕಸಾಲಿಗನ ಕೆಲಸ ಇಳಿಯಿತು ಎಂದು ತಿಳಿಯಬೇಡಿ. ಎರಕ ತನ್ನದೇ ಬೇರೆ ವಿದ್ಯೆ. ಮೇಣ, ಮರ ಅಥವಾ ಸೀಸದ ಮಾದರಿ ಮಾಡಿ, ಎರಡು ಪಾಲಿನ ಜೇಡಿಮಣ್ಣಿನ ಅಚ್ಚಿನಲ್ಲಿ ಒತ್ತಿ, ಮಾದರಿ ತೆಗೆದು ಅಚ್ಚನ್ನು ಸುಟ್ಟು, ಕಂಚು ಹೊಯ್ಯಬೇಕು. ಬಿಲ್ಲೆ ಅಗಲ, ಆದರೆ ತೆಳು. ಲೋಹ ತುದಿಯವರೆಗೆ ಹರಿಯುವ ಮುಂಚೆಯೇ ಹೆಪ್ಪುಗಟ್ಟಿದರೆ ಅಂಚು ಅರ್ಧ ಮಾತ್ರ ಮೂಡುತ್ತದೆ. ಅದಕ್ಕೆ ಸೀಸ ಬೆರೆಸುತ್ತಾರೆ, ಕಂಚು ನೀರಾಗಿ ಹರಿಯುತ್ತದೆ. ಅಚ್ಚನ್ನು ಬೆಚ್ಚಗಿಟ್ಟುಕೊಂಡೇ ಹೊಯ್ಯುತ್ತಾರೆ. ಅಚ್ಚಿನಲ್ಲಿ ಪಸೆ ಉಳಿದಿದ್ದರೆ ಆವಿ ಎದ್ದು ಒಳಗೆ ಗುಳ್ಳೆ. ಹಿಂಬದಿಯಲ್ಲಿ ತೂತಿರುವ ಕಿವಿಗಳನ್ನು ಬಿಲ್ಲೆಯ ಜೊತೆಗೇ ಎರಕ ಹೊಯ್ದಿರುತ್ತಾರೆ. ಬೆಲ್ಟಿನ ಚರ್ಮ ಸೀಳಿ ಕಿವಿ ಆ ಕಡೆ ತೂರಿಸಿ, ಹಿಂದಿನಿಂದ ಕಡ್ಡಿ ಹಾಕಿದರೆ ಬಿಲ್ಲೆ ನಿಲ್ಲುತ್ತದೆ. ಮುಂದೆ ಮೊಳೆಯ ಗುರುತೇ ಕಾಣದು. ಹಳೆಯ ಹರಳಿನ ಬಿಲ್ಲೆಗಿಂತ ಬೇಗ ಆಗುತ್ತದೆ, ಒಂದೇ ಮಾದರಿಯಿಂದ ಹತ್ತಾರು ತೆಗೆಯಬಹುದು.

ಕುಲುಮೆ_ಕಿಡಿ
ಸೀಸ ಹಾಕಿದ್ರ ಹರೀತೈತಿ ಖರೆ, ಆದ್ರ ಅದೇ ಕಂಚಿಗೆ ಚಿನ್ನದ ನೀರು ಕೊಡಾಕ ಹೋದ್ರ ಕೈ ಕೊಡತೈತಿ. ಚಿನ್ನ ಒಂದು ಪಾಲು, ಪಾದರಸ ಆರರಿಂದ ಎಂಟು ಪಾಲು ಕೂಡಿಸಿದ್ರ ಬೆಣ್ಣಿ ಹದದ ಮುದ್ದಿ ಆಗತೈತಿ. ಅದನ್ನ ತಿಕ್ಕಿ ತೊಳೆದ ಲೋಹದ ಮ್ಯಾಲೆ ಸವರಿ ಕಾಯಿಸಬೇಕು. ಪಾದರಸ ಕುದಿಯೋದು 357 ಡಿಗ್ರಿಗೆ, ಅದು ಹಾರಿಹೋಗಿ ಚಿನ್ನ ಅಂಟಿಕೊಂಡು ಉಳೀತೈತಿ. ಮೊದಲು ಮಬ್ಬು ಹಳದಿ, ನುಣ್ಣನ ಕಲ್ಲಿನಿಂದ ತಿಕ್ಕಿದ ಮ್ಯಾಲೆ ಹೊಳಪು. ಸೀಸ ಇದ್ದ ಕಡೆ ಪಾದರಸ ಸೀಸಕ್ಕೂ ಅಂಟಿ ಕರಿ ಕಲೆ ಏಳತಾವು. ಹಂಗಾಗಿ ನೀರು ಕೊಡೋ ಸಾಮಾನಿಗೆ ಸೀಸ ಕಮ್ಮಿ ಇರೋ ತಾಮ್ರ, ಬರೀ ಎರಕದ ಬಿಲ್ಲೆಗೆ ಸೀಸ ಬೆರೆಸಿದ್ದು. ಹೊಗಿ ಕುಡಿದವನ ಕೈ ನಡುಗಾಕ ಹತ್ತತೈತಿ, ಅದು ಬ್ಯಾರೆ ಮಾತು.

ಕಡಲ_ತಡಿ
ಪಾದರಸಕ್ಕೆ ಅವರು ದೂರ ಹೋಗಬೇಕಿರಲಿಲ್ಲ. ಅಲ್ಮಾದೆನ್ ಸ್ಪೇನಿನಲ್ಲೇ ಉಂಟು. ರೋಮನರು ಸಿಸಾಪೊ ಎಂದು ಕರೆಯುತ್ತಿದ್ದ ಊರಿನ ಆಚೀಚೆ ಇಂಗಳೀಕ, ಅಂದ್ರೆ ಪಾದರಸದ ಅದಿರು, ತೆಗೆಯುತ್ತಿದ್ದರು.

ನೀಲಿಗಾಜು
ಎಲ್ಲರಿಗೂ ಧನ್ಯವಾದ. ಕಾರ್ಖಾನೆಯ ಪ್ರಶ್ನೆ ಹಾಗೇ ಉಳಿಯಿತಲ್ಲ?

ಶಾಸನಪ್ರಿಯ
ಗಟ್ಟಿ ಪುರಾವೆ ಬೇಕಾದರೆ ರೆಕೋಪೊಲಿಸ್ ನೋಡಿ. ದೊರೆ ಲಿಯೋವಿಗಿಲ್ಡ್ 578ರಲ್ಲಿ ಹೊಸದಾಗಿ ಕಟ್ಟಿಸಿದ ಊರು, ಇವತ್ತಿನ ಗ್ವಾದಲಹಾರ ಪ್ರಾಂತ್ಯದ ಸೊರಿತಾ ದೆ ಲೊಸ್ ಕಾನೆಸ್ ಹತ್ತಿರ. ಅರಮನೆ ಆವರಣದ ಬಾಗಿಲಿಂದ ಹೊರಡುವ ಬೀದಿಯ ಬದಿಯಲ್ಲಿ ಗಾಜಿನ ಕೆಲಸದ ಕುಲುಮೆ, ಅಕ್ಕಸಾಲೆ, ಅಂಗಡಿ ಸಾಲು ಅಗೆತದಲ್ಲಿ ಸಿಕ್ಕಿವೆ. ಊರಿಗೆ ಸ್ವಂತ ಟಂಕಸಾಲೆಯೂ ಇತ್ತು. ಅರಮನೆಯ ಮಗ್ಗುಲಲ್ಲೇ ಈ ಕಸುಬುಗಳು ಕೂತಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಗಡಿಬಿಡಿ
ಒಂದು ಊರಿನ ಪುರಾವೆ ಇಟ್ಟುಕೊಂಡು ಇಡೀ ರಾಜ್ಯಕ್ಕೆ ಹೇಳಲು ಆಗುತ್ತಾ? ಹಳ್ಳಿ ಸಮಾಧಿಯ ಬಿಲ್ಲೆಗಳನ್ನೆಲ್ಲ ಅರಮನೆ ಬೀದಿಯಲ್ಲಿ ಮಾಡಿದ್ರಾ?

ಶಾಸನಪ್ರಿಯ
ಹಾಗೆ ನಾನು ಹೇಳಲೇ ಇಲ್ಲವಲ್ಲ. ಕಂಚಿನ ಬಿಲ್ಲೆಗೆ ಬೇಕಾದ್ದು ಮೂಸೆ, ತಿದಿ, ಒಂದು ಚೀಲ ಇದ್ದಿಲು, ಹಳೆ ಗುಜರಿ. ಅದನ್ನು ಹೊತ್ತು ತಿರುಗಬಹುದು, ಹಳ್ಳಿಯ ಕಮ್ಮಾರನೂ ಮಾಡಬಹುದು. ಗಾಜು ಹಾಗಲ್ಲ. ಸಾವಿರ ಡಿಗ್ರಿಯನ್ನು ತಾಸುಗಟ್ಟಲೆ ಹಿಡಿದಿಡುವ ಕಟ್ಟಿದ ಕುಲುಮೆ ಬೇಕು. ಒಡೆದ ಗಾಜನ್ನು ಮತ್ತೆ ಕರಗಿಸುವುದು ಆ ಕಾಲದ ರೂಢಿ, ಅದಕ್ಕೆ ಒಡಕು ಗಾಜು ಬಂದು ಬೀಳುವ ಊರೂ ಬೇಕು. ಕಸುಬಿಗೊಂದು ಉತ್ತರ, ಅಷ್ಟೇ.

ಹಳೇನಾಣ್ಯ
ಕಾನೂನಿನಲ್ಲಿಯೂ ಸುಳಿವು ಇದೆ. ದೊರೆ ರೆಕ್ಕೆಸ್ವಿಂತ್ 654ರಲ್ಲಿ ಹೊರಡಿಸಿದ ಕಾನೂನು ಸಂಹಿತೆಯ 7ನೇ ಪುಸ್ತಕದ 6ನೇ ಅಧ್ಯಾಯ ಪೂರ್ತಿ ಲೋಹದ ಮೋಸದ ಬಗ್ಗೆ. ಒಡವೆ ಮಾಡಲು ಚಿನ್ನ ಇಸಿದುಕೊಂಡು ಅದಕ್ಕೆ ತಾಮ್ರ, ಹಿತ್ತಾಳೆ, ಬೆಳ್ಳಿ ಕಲಬೆರಕೆ ಮಾಡಿದವನು ಕಳ್ಳನಿಗೆ ಸಮ. ಕೊಟ್ಟ ಲೋಹದಲ್ಲಿ ಒಂದಿಷ್ಟು ಉಳಿಸಿಕೊಂಡ ಚಿನ್ನದ, ಬೆಳ್ಳಿಯ ಕೆಲಸಗಾರನಿಗೂ ಅದೇ ಶಿಕ್ಷೆ. ಅಂದರೆ ಗಿರಾಕಿ ತನ್ನ ಲೋಹ ತಾನೇ ತಂದುಕೊಟ್ಟು ಕೂಲಿಗೆ ಮಾಡಿಸಿಕೊಳ್ಳುವ ಪದ್ಧತಿ ಮಾಮೂಲಾಗಿತ್ತು. ಸುಮ್ಮನೆ ಯಾರೂ ಕಾನೂನು ಬರೆಯುವುದಿಲ್ಲ.

ತಮಾಷೆ ಏನೆಂದರೆ ಅರಮನೆಯದ್ದೂ ಅದೇ ಕಥೆ. ಇವರ ಚಿನ್ನದ ನಾಣ್ಯ ತ್ರೆಮಿಸ್ಸಿಸ್, ಸಾಲಿಡಸ್ಸಿನ ಮೂರನೇ ಒಂದು ಪಾಲು, ಸುಮಾರು ಒಂದೂವರೆ ಗ್ರಾಂ. ಲಿಯೋವಿಗಿಲ್ಡ್ ಬೈಜಾಂಟೈನ್ ಚಕ್ರವರ್ತಿಯ ಹೆಸರು ತೆಗೆದು ತನ್ನದೇ ಹೆಸರು ಹಾಕಿಸಿದ. 7ನೇ ಶತಮಾನ ಮುಗಿಯುವ ಹೊತ್ತಿಗೆ ಅದೇ ನಾಣ್ಯ ಒಳಗೊಳಗೇ ಬೆಳ್ಳಿಯಾಗುತ್ತ ಹೋಯಿತು. ಹಳದಿ ಹೋಗಿ ಬಿಳಿಚಿಕೊಂಡಿರುವುದು ಒರೆಗೆ ಹಚ್ಚುವ ಮೊದಲೇ ಗೊತ್ತಾಗುತ್ತದೆ.

ಮೈಸೂರ್_ಮಲ್ಲಿ
ಕಿರೀಟದ ಬಗ್ಗೆ ಯಾರೂ ಮಾತಾಡಲಿಲ್ಲ! ಗ್ವಾರ್ರಾಸಾರ್ ನಿಧಿಯಲ್ಲಿ ಸಿಕ್ಕ ವಿಸಿಗೋಥರ ಚಿನ್ನದ ಕಿರೀಟಗಳು. ದೊರೆಗಳು ತಲೆಗೆ ಹಾಕಿಕೊಳ್ಳುತ್ತಿದ್ದರಾ?

ಒರೆಗಲ್ಲು
ರೆಕ್ಕೆಸ್ವಿಂತನ ಕಿರೀಟದ ವ್ಯಾಸ 20 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಸುತ್ತಳತೆ ಲೆಕ್ಕ ಹಾಕಿ, 64ರ ಸುಮಾರು ಬರುತ್ತದೆ. ಸಾಮಾನ್ಯ ತಲೆ 56–58. ಕಿವಿ ಮೇಲೆ ಜಾರಿ ಬೀಳುತ್ತದೆ. ಅದು ಚರ್ಚಿಗೆ ಹರಕೆ ಒಪ್ಪಿಸಿದ್ದು, ಪೂಜಾಪೀಠದ ಬಳಿ ಸರಪಳಿಯಲ್ಲಿ ತೂಗುಹಾಕುವಂಥದ್ದು. ಎರಡು ಅರ್ಧವೃತ್ತವನ್ನು ಕೀಲಿನಿಂದ ಜೋಡಿಸಿದ್ದಾರೆ, ಅದಕ್ಕೇ ಕೆಲವರು ಮೊದಲು ಯಾರೋ ಹಾಕಿಕೊಂಡಿರಬಹುದು ಎನ್ನುತ್ತಾರೆ. ನನಗೆ ನಂಬಿಕೆ ಇಲ್ಲ.

ನೋಡಬೇಕಾದ್ದು ಕೆಳಗೆ ತೂಗುವ ಅಕ್ಷರಗಳನ್ನು. 'ದೊರೆ ರೆಕ್ಕೆಸ್ವಿಂತ್ ಅರ್ಪಿಸುತ್ತಾನೆ' ಎಂಬ ಲ್ಯಾಟಿನ್ ವಾಕ್ಯದ ಒಂದೊಂದು ಅಕ್ಷರವೂ ಬೇರೆ ಬೇರೆ ಮಾಡಿದ ಪುಟ್ಟ ಒಡವೆ. ಅಕ್ಷರದ ಮೈಯಲ್ಲಿ ಸಣ್ಣ ಮನೆಗಳು, ಅದರಲ್ಲಿ ಕೆಂಪು ಹರಳು, ಪ್ರತಿಯೊಂದರ ಅಡಿಗೂ ಇನ್ನೊಂದು ಹರಳಿನ ತೂಗು. ಮೊದಲ ಅಕ್ಷರ ಮಾತ್ರ ಪ್ಯಾರಿಸ್ಸಿನ ಕ್ಲೂನಿ ಮ್ಯೂಸಿಯಂನಲ್ಲಿದೆ, ಮಿಕ್ಕಿದ್ದು ಮ್ಯಾಡ್ರಿಡ್‌ನಲ್ಲಿ. ಕಿರೀಟದ ಪಟ್ಟಿಯಲ್ಲಿ ಮೂರು ಸಾಲು ನೀಲ ಮತ್ತು ಮುತ್ತು. ನೀಲ ಶ್ರೀಲಂಕಾದ್ದು ಎಂದು ಪರೀಕ್ಷೆಯಲ್ಲಿ ಬಂದಿದೆ. ಮೇಲಂಚು ಕೆಳಅಂಚಿನಲ್ಲಿ ಒಂದರೊಳಗೊಂದು ಸೇರಿದ ವೃತ್ತಗಳು, ಅಲ್ಲಿ ಮತ್ತೆ ಅದೇ ಗಾರ್ನೆಟ್ ಕೆಲಸ. ಅಂದರೆ ಬೆಲ್ಟ್ ಬಿಲ್ಲೆಯಲ್ಲಿ ನಿಂತುಹೋದ ವಿದ್ಯೆ ಅರಮನೆ ಕೆಲಸಗಾರರ ಕೈಯಲ್ಲಿ ಇನ್ನೂ ಉಳಿದಿತ್ತು.

ನಡುವೆ ತೂಗುವ ಶಿಲುಬೆಯ ಬೆನ್ನನ್ನೂ ನೋಡಿ, ಪಿನ್ನಿನ ಗುರುತಿದೆ. ಮೊದಲು ಯಾರದೋ ಎದೆಯ ಮೇಲಿದ್ದ ಒಡವೆ ಅದು, ಆಮೇಲೆ ಇಲ್ಲಿಗೆ ತೂಗುಹಾಕಿದ್ದಾರೆ. ರಾಜನ ಹರಕೆಯಲ್ಲೂ ಹಳೆ ಸಾಮಾನು.

ಗಡಿಬಿಡಿ
ಒಂದು ಕಿರೀಟ ಕಳುವಾಗಿದೆ ಅಲ್ಲವಾ?

ಶಾಸನಪ್ರಿಯ
ಹೌದು, ದೊರೆ ಸ್ವಿಂತಿಲನದು. 1921ರಲ್ಲಿ ಮ್ಯಾಡ್ರಿಡ್‌ನ ಅರಮನೆ ಶಸ್ತ್ರಾಗಾರದಿಂದ ಕದ್ದರು, ಇವತ್ತಿಗೂ ಸಿಕ್ಕಿಲ್ಲ. ನಿಧಿ ಸಿಕ್ಕಿದ್ದು 1858ರಲ್ಲಿ, ತೊಲೆದೊ ಹತ್ತಿರದ ಗ್ವಾದಮೂರ್‌ನಲ್ಲಿ. ಸಿಕ್ಕ ಹೊಸತರಲ್ಲಿ ಎಷ್ಟೋ ತುಂಡು ತೊಲೆದೊದ ಅಕ್ಕಸಾಲಿಗರ ಮೂಸೆಗೆ ಹೋದವು. ಒಂದು ಪಾಲು ಫ್ರಾನ್ಸಿಗೆ ಮಾರಾಟವಾಗಿ, 1941ರಲ್ಲಿ ಅದರಲ್ಲಿ ಹಲವು ವಾಪಸ್ ಬಂದವು. ಮೂರು ಕಿರೀಟ ಪ್ಯಾರಿಸ್ಸಿನಲ್ಲೇ ಉಳಿದವು.

ಚಾಣ_ಸುತ್ತಿಗೆ
ಎಲ್ಲರೂ ಚಿನ್ನದ ಹಿಂದೆಯೇ ಬಿದ್ದಿದ್ದೀರಿ. ಕಲ್ಲಿನ ಕೆಲಸ ನೋಡಿ ಸ್ವಾಮಿ. ಸಮೋರಾ ಪ್ರಾಂತ್ಯದ ಸಾನ್ ಪೆದ್ರೊ ದೆ ಲಾ ನಾವೆ ಚರ್ಚು. ಬೋದಿಗೆಯ ಮೇಲೆ ಸಿಂಹಗಳ ನಡುವೆ ದಾನಿಯೇಲ, ಇನ್ನೊಂದರಲ್ಲಿ ಮಗನನ್ನು ಬಲಿ ಕೊಡಲು ಹೊರಟ ಅಬ್ರಹಾಮ. ಉಳಿಯನ್ನು ಓರೆಯಾಗಿ ಹಿಡಿದು ಎರಡು ಕಡೆಯಿಂದ ಕೊರೆದ ಕಣಿವೆಯಂಥ ಗೆರೆ. ಬಿಸಿಲು ಬಿದ್ದರೆ ಒಂದು ಗೋಡೆ ಬೆಳ್ಳಗೆ, ಇನ್ನೊಂದು ಕಪ್ಪು. ಉಬ್ಬು ಕಮ್ಮಿ, ಆದರೂ ಆಕೃತಿ ಎದ್ದು ಕಾಣುತ್ತದೆ. ಕಂಬದ ತಲೆಯ ಕೆಲಸ ಒಬ್ಬನದು, ಗೋಡೆ ಪಟ್ಟಿಯ ಚಕ್ರ-ನಕ್ಷತ್ರದ ಕೆಲಸ ಬೇರೆ ಕೈಯದು, ಆಳದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಅಣೆಕಟ್ಟಿನ ನೀರಿಗೆ ಮುಳುಗುತ್ತದೆಂದು 1930ರಿಂದ 32ರೊಳಗೆ ಕಲ್ಲು ಕಲ್ಲು ಬಿಚ್ಚಿ ಬೇರೆ ಕಡೆ ಕಟ್ಟಿದರು.

ಹಳೇನಾಣ್ಯ
ಅದು ವಿಸಿಗೋಥರ ಕಾಲದ್ದು ಎಂದು ಅಷ್ಟು ಧೈರ್ಯವಾಗಿ ಹೇಳಬೇಡಿ. ಪುರಾತತ್ವಜ್ಞ ಲೂಯಿಸ್ ಕಬಾಯೆರೊ ಮತ್ತು ಅವರ ಜೊತೆಗಾರರು ಇಂಥ ಹಲವು ಚರ್ಚು ಅರಬ್ಬರು ಸ್ಪೇನಿಗೆ ಬಂದ 711ರ ನಂತರದ್ದು, ಅರಬ್ಬರ ಕಾಲದ ಪ್ರಭಾವ ಇದೆ ಎಂದು ವಾದಿಸುತ್ತಾರೆ.

ಚಾಣ_ಸುತ್ತಿಗೆ
ಗೊತ್ತು. ಆದರೆ ಪಾಲೆನ್ಸಿಯಾದ ಸಾನ್ ಹ್ವಾನ್ ದೆ ಬಾನ್ಯೊಸ್‌ನಲ್ಲಿ ರೆಕ್ಕೆಸ್ವಿಂತನ 661ರ ಶಾಸನವೇ ಇದೆ.

ಹಳೇನಾಣ್ಯ
ಶಾಸನದ ಕಲ್ಲು 661ರದು. ಅದರ ಸುತ್ತಲಿನ ಗೋಡೆಯೂ 661ರದೇ ಎಂದು ಶಾಸನ ಹೇಳುವುದಿಲ್ಲ. ಹಳೆ ಕಲ್ಲು ಹೊಸ ಗೋಡೆಗೆ ಹಾಕುವುದು ಅಲ್ಲಿ ಮಾಮೂಲು. ಮೆರಿದಾದಲ್ಲಿ ಅರಬ್ಬರ ಕಾಲದ ಕೋಟೆಯ ನೀರಿನ ತೊಟ್ಟಿಗೆ ಇಳಿಯುವ ಕಡೆ ನೋಡಿ, ವಿಸಿಗೋಥರ ಕಾಲದ ಕೆತ್ತನೆ ಕಂಬಗಳನ್ನೇ ತಂದು ನಿಲ್ಲಿಸಿದ್ದಾರೆ.

ಚಾಣ_ಸುತ್ತಿಗೆ
ಮೆರಿದಾ ಒಪ್ಪಿದೆ. ಬಾನ್ಯೊಸ್ ಒಪ್ಪುವುದಿಲ್ಲ. ಬೇರೆ ಎಳೆ ಶುರು ಮಾಡಿ, ಅಲ್ಲಿ ಜಗಳ ಮುಂದುವರಿಸೋಣ.

ನೀಲಿಗಾಜು
ಕೊನೆಯದಾಗಿ ಒಂದು. ಮನೆಯೊಳಗಿನ ಕೆಂಪು ತುಂಡು ಗಾರ್ನೆಟ್ಟಾ ಗಾಜಾ ಎಂದು ಒಡವೆ ಬಿಚ್ಚದೆ ಪತ್ತೆ ಮಾಡುವುದು ಹೇಗೆ? ಧ್ರುವೀಕೃತ ಬೆಳಕಿನಲ್ಲಿ ಗೊತ್ತಾಗುತ್ತಾ?

ಒರೆಗಲ್ಲು
ಆಗುವುದಿಲ್ಲ. ಗಾರ್ನೆಟ್ಟೂ ಗಾಜೂ ಬೆಳಕನ್ನು ಎರಡಾಗಿ ಸೀಳುವುದಿಲ್ಲ, ಆ ಪರೀಕ್ಷೆಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಹತ್ತು ಪಟ್ಟು ಭೂತಗನ್ನಡಿ ಹಿಡಿದು ಒಳಗೆ ನೋಡಿ. ದುಂಡನೆಯ ಗಾಳಿ ಗುಳ್ಳೆ ಕಂಡರೆ ಗಾಜು. ಸೂಜಿಯಂಥ ಎಳೆ ಒಂದಕ್ಕೊಂದು ಅಡ್ಡಹಾಯ್ದಿದ್ದರೆ ಗಾರ್ನೆಟ್. ಮೇಲ್ಮೈಯನ್ನೂ ನೋಡಿ. ಮಣ್ಣಿನಲ್ಲಿ ಸಾವಿರದ ನಾನೂರು ವರ್ಷ ಬಿದ್ದ ಗಾಜು ಪೊರೆ ಎದ್ದು ಕಾಮನಬಿಲ್ಲಿನ ಬಣ್ಣ ಬಿಡುತ್ತದೆ, ಗಾರ್ನೆಟ್ಟಿನ ಹೊಳಪು ಹಾಗೇ ಇರುತ್ತದೆ. ಅಂಚು ಚೂಪಾಗಿ ನಿಂತಿದ್ದರೂ ಗಾರ್ನೆಟ್ಟೇ ಇರಬೇಕು, ಅದರ ಗಡಸುತನ 7ರಿಂದ ಏಳೂವರೆ, ಗಾಜಿನದು ಐದೂವರೆ ಸುಮಾರು.

ಕುಲುಮೆ_ಕಿಡಿ
ಗೀಚಿ ನೋಡಾಕ ಮಾತ್ರ ಹೋಗಬ್ಯಾಡ್ರಿ. ಅನುಮಾನ ಉಳಿದ್ರ ರಾಮನ್ ಸ್ಪೆಕ್ಟ್ರೋಮೀಟರ್ (ಬೆಳಕು ಬಿಟ್ಟು ವಸ್ತು ಗುರುತಿಸೋ ಯಂತ್ರ) ಇರೋ ಲ್ಯಾಬಿಗೆ ಒಯ್ರಿ, ಒಡವಿ ಮುಟ್ಟದನ ಹೇಳತಾರ.